ಒಳ್ಳೆಯವನ ಹಾಗೆ ಕಾಣೋ ಸೈಕೋಪಾತ್ ನಿಧಾನಕ್ಕೆ ಬಯಲಾಗೋ ಹಾಗೆ ಬರೆಯೋದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಇಷ್ಟು. ಕಾದಂಬರೀಲಿ ಒಬ್ಬ ಕಾಲೇಜ್ ಲೆಕ್ಚರರ್ ಇದಾನೆ, ಊರಿಗೆಲ್ಲ ಬೇಕಾದವನು, ಕೊನೇ ಹೊತ್ತಿಗೆ ಅವನ ನಿಜ ಬಣ್ಣ ಗೊತ್ತಾಗ್ಬೇಕು, ಆದ್ರೆ ಓದೋಕೆ ಕೊಟ್ಟ ಫ್ರೆಂಡ್ಸ್ ಎಲ್ಲ 3ನೇ ಅಧ್ಯಾಯಕ್ಕೇ "ಇವನೇ ಅಲ್ವಾ" ಅಂತಿದಾರೆ. ಆ ಅಧ್ಯಾಯದಲ್ಲಿ ಅವನು ಸಣ್ಣೋನಿದ್ದಾಗ ಬೆಕ್ಕಿನ ಮರೀನ ಬಾವಿಗೆ ಹಾಕಿದ ಸೀನ್ ಇದೆ ಅಂತ ನೀವೇ ಬರ್ದಿದೀರ. ಎಡವಟ್ಟು ಆಗಿರೋದು ಅಲ್ಲೇ.

ಬೈತಿಲ್ಲ, ನಾನೂ ಬೆಕ್ಕು ಕೊಂದವನೇ, ಕಥೇಲಿ. ಏಳೆಂಟು ವರ್ಷದ ಹಿಂದೆ ಒಂದು ನೀಳ್ಗತೆ ಬರ್ದು ಒಂದು ವಾರಪತ್ರಿಕೆಗೆ ಕಳ್ಸಿದ್ದೆ, ಅದು ವಾಪಸ್ ಬಂತು, ಜೊತೆಗೆ ಒಂದೇ ಸಾಲು: "ಮೊದಲ ಪುಟದಲ್ಲೇ ಗೊತ್ತಾಯಿತು." ಎರಡು ದಿನ ಸಿಟ್ಟಲ್ಲೇ ಓಡಾಡ್ದೆ. ಆಮೇಲೆ ಕೂತು ನೋಡಿದ್ರೆ ಬೆಕ್ಕು, ತಣ್ಣಗಿನ ಕಣ್ಣು, ತುಟಿ ಅಂಚಲ್ಲಿ ವಿಚಿತ್ರ ನಗು, ಕತ್ತಲೆ ರೂಮು, ಒಂದೂ ಬಿಟ್ಟಿಲ್ಲ! ಹಣೆ ಮೇಲೆ ಬೋರ್ಡ್ ಹಾಕ್ಬಿಟ್ಟು ಆಮೇಲೆ ಸಸ್ಪೆನ್ಸ್ ಎಲ್ಲಿಂದ ತರೋದು.

ಮೊದ್ಲು ಒಂದು ಗೊಂದಲ ಕ್ಲಿಯರ್ ಮಾಡ್ಕೊಳ್ಳಿ. ನಮ್ಮಲ್ಲಿ ಸೈಕೋ ಅನ್ನೋದು ಎಲ್ಲಕ್ಕೂ ಒಂದೇ ಪದ. ಕಿವೀಲಿ ಯಾರೋ ಮಾತಾಡಿದ ಹಾಗೆ ಕೇಳ್ಸೋದು, ಇಲ್ಲದ್ದು ಕಾಣ್ಸೋದು, ಅದು ಸೈಕೋಸಿಸ್, ಬೇರೆ ಕಾಯಿಲೆ, ಅವರಲ್ಲಿ ಹೆಚ್ಚಿನವರು ಯಾರಿಗೂ ತೊಂದ್ರೆ ಕೊಡೋರಲ್ಲ. ಸೈಕೋಪಾತ್ ಅಂದ್ರೆ ಕರುಣೆ, ಪಶ್ಚಾತ್ತಾಪ ತೀರಾ ಕಮ್ಮಿ ಇರೋ, ಬೇರೆಯವರನ್ನ ಮೋಸದಿಂದ ಬಳಸ್ಕೊಳ್ಳೋ ಸ್ವಭಾವದವನು. ಅವನಿಗೆ ವಾಸ್ತವ ಚೆನ್ನಾಗೇ ಗೊತ್ತಿರುತ್ತೆ, ನಮಗಿಂತ ಚೆನ್ನಾಗೇ ಗೊತ್ತಿರ್ಬೋದು. ಮತ್ತೆ ಎಲ್ಲಾ ಸೈಕೋಪಾತ್‌ಗಳೂ ಕೊಲೆಗಾರರಲ್ಲ, ಆದ್ರಿಂದ ನಿಮ್ಮ ಲೆಕ್ಚರರ್ ಯಾರನ್ನೂ ಕೊಲ್ಲದೇನೂ ಇರ್ಬೋದು, ಯೋಚ್ನೆ ಮಾಡಿ.

ಈಗ ನನಗೆ ದಾರಿ ತೋರ್ಸಿದ ವಿಷ್ಯ. ಕೆನಡಾದ ಸೈಕಾಲಜಿಸ್ಟ್ ರಾಬರ್ಟ್ ಹೇರ್ ಅನ್ನೋರು ಜೈಲುಗಳಲ್ಲಿ ಕೆಲಸ ಮಾಡಿ ಒಂದು ಚೆಕ್‌ಲಿಸ್ಟ್ ತಯಾರ್ ಮಾಡಿದಾರೆ, 20 ಅಂಶ, ಒಂದೊಂದಕ್ಕೆ 0, 1 ಅಥವಾ 2, ಒಟ್ಟು 40, ಅಮೆರಿಕ ಕೆನಡಾದಲ್ಲಿ ಸಾಮಾನ್ಯವಾಗಿ 30 ಅಥವಾ ಅದಕ್ಕಿಂತ ಹೆಚ್ಚು ಬಂದ್ರೆ ಸೈಕೋಪಾತ್ ಅಂತ ಲೆಕ್ಕ. ಆ 20 ಯಾವ್ದು ಅಂತ ಪಟ್ಟಿ ನೆಟ್ಟಲ್ಲಿ ಸಿಗುತ್ತೆ, ಅದನ್ನ ನೋಡ್ಕೊಂಡು ಟಿಕ್ ಹಾಕ್ತಾ ಪಾತ್ರ ಕಟ್ಬೇಡಿ, ರೇಷನ್ ಕಾರ್ಡ್ ಅರ್ಜಿ ತುಂಬಿಸಿದ ಹಾಗಿರುತ್ತೆ. ನನಗೆ ಹಿಡಿಸಿದ್ದು ಮಾರ್ಕ್ಸ್ ಕೊಡೋ ವಿಧಾನ. ಎದುರಿಗೆ ಕೂರ್ಸಿ ಇಂಟರ್‌ವ್ಯೂ ಮಾಡೋದು ಒಂದು ಕಡೆ, ಜೊತೆಗೆ ಅವನ ಬಗ್ಗೆ ಇರೋ ಫೈಲ್ ಪೂರ್ತಿ ಓದ್ಬೇಕು, ಬರೀ ಇಂಟರ್‌ವ್ಯೂ ನಂಬ್ಕೊಂಡು ಮಾರ್ಕ್ಸ್ ಹಾಕೋ ಹಾಗಿಲ್ಲ. ಯಾಕೆ? ಇಂಟರ್‌ವ್ಯೂನಲ್ಲಿ ಅನುಭವ ಇರೋರೂ ಮೋಸ ಹೋಗ್ತಾರೆ. ಮಾತು ಅಷ್ಟು ಸೊಗಸು. ಸುಳ್ಳು ಸಿಕ್ಕಿಬೀಳೋದು ಫೈಲ್ ಜೊತೆ ಇಟ್ಟು ನೋಡ್ದಾಗ.

ನಿಮ್ಮ ಕಾದಂಬರೀನೂ ಹಾಗೇ ಕಟ್ಟಿ ಅಂತೀನಿ. ಮೊದಲ ಅರ್ಧ ಪೂರ್ತಿ ಇಂಟರ್‌ವ್ಯೂ, ಓದುಗ ಅವನ ಎದುರು ಕೂತಿದಾನೆ, ಮರುಳಾಗ್ತಿದಾನೆ. ಫೈಲ್ ಕೂಡ ಅದೇ ಪುಟಗಳಲ್ಲೇ ಇರುತ್ತೆ, ಆದ್ರೆ ಚೂರುಚೂರಾಗಿ, ಒಬ್ಬೊಬ್ಬರ ಹತ್ರ ಒಂದೊಂದು ಹಾಳೆ. ಆ ಹಾಳೆಗಳು ಒಂದ್ಕಡೆ ಸೇರೋದೇ ನಿಮ್ಮ ದ್ವಿತೀಯಾರ್ಧ.

ಇದಕ್ಕೆ ನಮ್ಮ ಕರಾವಳೀದೇ ಉದಾಹರಣೆ ಇದೆ, ಸಯನೈಡ್ ಮೋಹನ್. ಅವನಿಗೆ ಸೈಕೋಪಾತ್ ಅಂತ ಪಟ್ಟ ಕಟ್ಟೋದು ನನ್ನ ಕೆಲ್ಸ ಅಲ್ಲ, ನಾನು ಹೇಳ್ತಿರೋದು ಅವನು ಅಷ್ಟು ದಿನ ಹೇಗೆ ಮರೇಲಿದ್ದ ಅನ್ನೋದು. ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದವನು. ಬಡ ಮನೆ ಹೆಣ್ಣುಮಕ್ಕಳ ಪರಿಚಯ ಮಾಡ್ಕೊಳ್ಳೋದು, ಸುಳ್ಳು ಹೆಸರು ಹೇಳಿ ನಿಮ್ಮ ಜಾತಿಯವನೇ, ಸರ್ಕಾರಿ ಕೆಲಸ, ವರದಕ್ಷಿಣೆ ಬೇಡ ಅನ್ನೋದು. ಮದುವೆ ಆಗ್ತೀನಿ ಅಂತ ದೂರದ ಊರಿಗೆ ಕರ್ಕೊಂಡು ಹೋಗಿ ಲಾಡ್ಜಲ್ಲಿ ಉಳಿಯೋದು, ಬೆಳಿಗ್ಗೆ ಒಡವೆ ರೂಮಲ್ಲೇ ಬಿಚ್ಚಿಡ್ಸಿ ಬಸ್ ಸ್ಟ್ಯಾಂಡಿಗೆ ಕರ್ಕೊಂಡು ಬಂದು, ಗರ್ಭ ನಿಲ್ಲದೇ ಇರೋಕೆ ಮಾತ್ರೆ, ಟಾಯ್ಲೆಟ್ಟಿಗೆ ಹೋಗಿ ತಗೋ ಅಂತ ಸಯನೈಡ್ ಕೊಡೋದು. ಮೈಸೂರು, ಮಡಿಕೇರಿ, ಹಾಸನ ಅಂತ ಬೇರೆಬೇರೆ ಊರಿನ ಬಸ್ ಸ್ಟ್ಯಾಂಡಲ್ಲಿ ಹೆಣ ಸಿಕ್ತಿತ್ತು, ಗುರುತು ಸಿಗದ ಹೆಂಗಸು, ಅಸಹಜ ಸಾವು ಅಂತ ಪೊಲೀಸರದ್ದು ಒಂದು ಯುಡಿಆರ್ ಫೈಲು, ಮುಗೀತು. 2009ರಲ್ಲಿ ಬಂಟ್ವಾಳ ಕಡೆ ಹುಡುಗಿ ಒಬ್ಬಳು ಕಾಣೆಯಾದ ಕೇಸ್ ಹಿಡ್ಕೊಂಡು ಹೋದಾಗ ಅವನು ಸಿಕ್ಕಿಬಿದ್ದ, ಆಮೇಲೆ ಹಳೇ ಫೈಲ್ ಎಲ್ಲ ತೆಗೆದು ಪಕ್ಕಪಕ್ಕ ಇಟ್ರೆ 20 ಕೊಲೆ ಕೇಸ್. ನೆನಪಿಡಿ, ಒಂದೊಂದು ಫೈಲ್ ಒಂಟಿಯಾಗಿ ಓದಿದ್ರೆ ಏನೂ ಇಲ್ಲ. ಹಾಗೇ ಆ ಮನೆಗಳಲ್ಲಿ "ವರದಕ್ಷಿಣೆ ಬೇಡ" ಅನ್ನೋ ಮಾತು ಎಷ್ಟು ದೊಡ್ಡ ಒಳ್ಳೇತನವಾಗಿ ಕೇಳ್ಸಿರ್ಬೇಕು ಯೋಚ್ನೆ ಮಾಡಿ. ಅದೇ ಬಲೆ.

ಅದಕ್ಕೇ ನಾನು ಹೇಳೋದು, ಸುಳಿವು ಕೊಡ್ಬೇಕಾದ್ರೆ ಕೆಟ್ಟ ಕೆಲಸದಲ್ಲಿ ಕೊಡ್ಬೇಡಿ, ಅವನು ಮಾಡೋ ಒಳ್ಳೇ ಕೆಲಸದಲ್ಲೇ ಬಚ್ಚಿಡಿ. ಬೆಕ್ಕನ್ನ ನೋಡಿದ ತಕ್ಷಣ ಓದುಗ ಹುಷಾರಾಗ್ತಾನೆ. ಉಪಕಾರ ನೋಡಿ ಯಾರೂ ಹುಷಾರಾಗಲ್ಲ.

ವಾಪಸ್ ಬಂದ ಆ ಕಥೇನ ನಾನು ಆಮೇಲೆ ಹೊಸದಾಗಿ ಬರ್ದೆ, ಅದರದ್ದೇ ಒಂದು ತುಂಡು ಹೇಳ್ತೀನಿ. ಪ್ರಸನ್ನ ಅಂತ ಪಾತ್ರ, ಸಾವಿತ್ರಮ್ಮ ಅನ್ನೋ ಒಂಟಿ ಅಜ್ಜಿ ಮನೆಯ ಮೇಲ್ಗಡೆ ರೂಮಲ್ಲಿ ಬಾಡಿಗೆಗಿದಾನೆ. ಅಜ್ಜಿ ಮಾತ್ರೆ ಡಬ್ಬಿ ಪ್ರತಿ ಭಾನುವಾರ ತುಂಬಿಸಿಡೋನು ಅವನೇ. ಒಂದಿನ ಸಂಜೆ ಅಜ್ಜಿ ಬಚ್ಚಲುಮನೇಲಿ ಜಾರಿ ಬೀಳ್ತಾರೆ, ಪ್ರಸನ್ನ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಾನೆ, ಪಕ್ಕದ್ಮನೆ ಜಯಕ್ಕ ಓಡಿ ಬರ್ತಾರೆ. "ಅಕ್ಕಾ, ನಾನು ಈಗಷ್ಟೇ ಪೇಟೆಯಿಂದ ಬಂದೆ, ಗೇಟ್ ತೆಗಿತಿದ್ದ ಹಾಗೇ ನರಳೋದು ಕೇಳ್ತು" ಅಂತಾನೆ, ಅಜ್ಜಿನ ಎತ್ಕೊಂಡು ಆಟೋ ಹತ್ತಿಸ್ತಾನೆ. ಹೊದಿಸೋಕೆ ಬೆಡ್‌ಶೀಟ್ ಬೇಕು ಅಂತ ಜಯಕ್ಕ ಮೇಲೆ ಅವನ ರೂಮಿಗೆ ಓಡ್ತಾರೆ, ಬೆಡ್‌ಶೀಟ್ ಎಳ್ಕೊಳ್ಳೋವಾಗ ಟೇಬಲ್ ಮೇಲಿದ್ದ ಲೋಟಕ್ಕೆ ಕೈ ತಾಗಿ ಅರ್ಧ ಲೋಟ ಕಾಫಿ ಚೆಲ್ಲುತ್ತೆ, ಕೈಗೆ ಬಿಸಿ ತಾಗುತ್ತೆ, "ಅಯ್ಯೋ" ಅಂದ್ಕೊಂಡು ಸೆರಗಲ್ಲಿ ಒರೆಸ್ಕೊಂಡು ಕೆಳಗೆ ಓಡ್ತಾರೆ. ಅಷ್ಟೇ. ಆ ಪುಟದ ತುಂಬ ಆಸ್ಪತ್ರೆ, ಪ್ರಸನ್ನನ ಓಡಾಟ, "ಹೆತ್ತ ಮಗನೂ ಇಷ್ಟು ಮಾಡಲ್ಲ" ಅನ್ನೋ ಮಾತು. ಕಾಫಿ ಯಾರಿಗೆ ನೆನಪಿರುತ್ತೆ.

ಎಷ್ಟೋ ದಿನ ಆದ್ಮೇಲೆ, ಅಜ್ಜಿ ತೀರ್ಕೊಂಡು ಮನೆ ಪತ್ರದ ಗಲಾಟೆ ಶುರುವಾದ್ಮೇಲೆ, ಜಯಕ್ಕ ತಮ್ಮ ಅಡುಗೆಮನೇಲಿ ಡಿಕಾಕ್ಷನ್ ಇಳಿಯೋದನ್ನ ಕಾಯ್ತಾ ನಿಂತಿರ್ತಾರೆ. ಫಿಲ್ಟರ್ ಕಾಫಿ ಆತುರಕ್ಕೆ ಆಗೋದಲ್ಲ ನೋಡಿ. ಈಗಷ್ಟೇ ಬಂದೆ ಅಂದವನ ಟೇಬಲ್ ಮೇಲೆ ಅರ್ಧ ಕುಡಿದ ಬಿಸಿ ಕಾಫಿ ಹೇಗೆ ಬಂತು? ಅಂದ್ರೆ ಅಜ್ಜಿ ಕೆಳಗೆ ನರಳ್ತಿದ್ದಾಗ ಇವನು ಮೇಲೆ ಕೂತು...

ವಾಕ್ಯ ಅಲ್ಲಿಗೇ ಬಿಟ್ಟೆ. ರಕ್ತ ಇಲ್ಲ, ಚಾಕು ಇಲ್ಲ, ಆದ್ರೆ ಓದಿದ ನಮ್ಮತ್ತೆ ಪುಟ ಹಿಂದಕ್ಕೆ ತಿರುಗಿಸ್ಕೊಂಡು ಹೋಗಿ ಆ ಲೋಟ ಹುಡುಕಿದ್ರು, ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರ್ಲಿಲ್ಲ. ಹಾಂ, ಲೋಟ ಇಟ್ಟಿದ್ದು ಮೊದಲ ಡ್ರಾಫ್ಟಲ್ಲಿ ಅಲ್ಲ. ಕೊನೇ ಭಾಗ ಬರ್ದಾದ್ಮೇಲೆ ಹಿಂದಕ್ಕೆ ಹೋಗಿ ಇಟ್ಟೆ. ಎಲ್ಲಾ ಮೊದಲೇ ಹೊಳೀಬೇಕು ಅಂತ ಕೂತ್ರೆ ಕಾದಂಬರಿ ಮುಗಿಯಲ್ಲ.

ಇನ್ನು ಅವನ ಒಳಗಿನ ಮಾತು. ಸೈಕೋಪಾತ್ ಅಂದ್ರೆ ಬೇರೆಯವರ ನೋವು ಗೊತ್ತೇ ಆಗಲ್ಲ ಅಂತ ಬರೀತಾರೆ, ಅಷ್ಟು ಸುಲಭ ಇಲ್ಲ. 2013ರಲ್ಲಿ ನೆದರ್‌ಲ್ಯಾಂಡ್ಸ್ ಸಂಶೋಧಕರು ಸೈಕೋಪಾತ್ ಅಪರಾಧಿಗಳಿಗೆ ಒಬ್ಬರ ಕೈಗೆ ಇನ್ನೊಬ್ಬರು ನೋವು ಮಾಡೋ ಥರದ ವಿಡಿಯೋ ತೋರ್ಸಿ ಮೆದುಳು ಸ್ಕ್ಯಾನ್ ಮಾಡಿದ್ರು. ಸುಮ್ನೆ ನೋಡಿ ಅಂದಾಗ ಬೇರೆಯವರಿಗಿಂತ ಕಮ್ಮಿ ಮಿಡಿತ, ಆದ್ರೆ ವಿಡಿಯೋದಲ್ಲಿರೋರಿಗೆ ಅನ್ನಿಸೋದನ್ನ ನೀವೂ ಅನುಭವಿಸೋಕೆ ಪ್ರಯತ್ನ ಮಾಡಿ ಅಂದಾಗ ಆ ವ್ಯತ್ಯಾಸ ಬಹುಪಾಲು ಕಮ್ಮಿಯಾಯ್ತು. ನಮಗೆಲ್ಲ ಕರುಣೆ ತಾನಾಗೇ ಉಕ್ಕುತ್ತೆ, ಅವನಿಗೆ ಸ್ವಿಚ್ ಇದೆ ಅಂದ್ಕೊಳ್ಳಿ. ಬರೆಯೋರಿಗೆ ಇದು ಬಂಗಾರ. ಯಾರಾದ್ರೂ ನೋಡ್ತಿದಾರೆ, ಅಥವಾ ಏನೋ ಲಾಭ ಇದೆ, ಆಗ ಅವನಷ್ಟು ಮೃದು ಇನ್ನೊಬ್ಬನಿಲ್ಲ. ನೋಡೋರು ರೂಮಿಂದ ಆಚೆ ಹೋದ್ರು, ಸ್ವಿಚ್ ಆಫ್. ಅವನ ಮುಖವಾಡ ಜಾರೋದು ಸಿಟ್ಟಲ್ಲೇ ಆಗ್ಬೇಕಿಲ್ಲ, ಅಳು ಎಷ್ಟು ಬೇಗ ನಿಲ್ತು ಅನ್ನೋದ್ರಲ್ಲೂ ಆಗ್ಬೋದು.

ಹಾಗಾಗಿ ಮೊದ್ಲು ಗೊತ್ತಾಗ್ಬೇಕಾದೋರು ಯಾರು ಅಂದ್ರೆ ಅವನಿಗೆ ಉಪಯೋಗಕ್ಕೆ ಬಾರದೋರು. ಅವರ ಮುಂದೆ ಅವನು ನಟನೆಗೆ ಖರ್ಚು ಮಾಡಲ್ಲ. ಮನೆಕೆಲ್ಸದವಳು, ಕಾಲೇಜ್ ಅಟೆಂಡರ್, ರಿಟೈರ್ ಆದ್ಮೇಲೆ ಕೈಲಿ ಅಧಿಕಾರ ಇಲ್ಲದ ಹಳೇ ಪ್ರಿನ್ಸಿಪಾಲ್. ಅವರು ಹೇಳಿದ್ರೆ ಯಾರೂ ನಂಬಲ್ಲ, ಅದೂ ನಿಮಗೆ ಅನುಕೂಲವೇ.

ಕೊನೇ ಅಧ್ಯಾಯದಲ್ಲಿ ಅವನನ್ನ ಕೂರ್ಸಿ "ನಮ್ಮಪ್ಪ ಬೆಲ್ಟಲ್ಲಿ ಹೊಡೀತಿದ್ರು" ಅಂತ ಹೇಳಿಸ್ಬೇಡಿ, ದಯವಿಟ್ಟು. ಹೇಳಿಸೋದೇ ಆದ್ರೆ ಮೂರು ಜನರ ಹತ್ರ ಮೂರು ಥರ ಹೇಳಿಸಿ, ಮೂರೂ ಸಲ ಕೇಳ್ದೋರ ಕಣ್ಣಲ್ಲಿ ನೀರು ಬರ್ಲಿ.

ನಿಮ್ಮ ಲೆಕ್ಚರರ್‌ಗೆ ಬರ್ತೀನಿ. ಬಡ ಹುಡುಗ ಒಬ್ಬನ ಪರೀಕ್ಷೆ ಫೀಸ್ ಅವನೇ ಕಟ್ತಾನೆ ಅಂತ ಬರ್ದಿದೀರಲ್ಲ, ಬೆಕ್ಕು ತೆಗೆದು ಅದನ್ನೇ ಇಟ್ಕೊಳ್ಳಿ, ಅದೇ ನಿಮ್ಮ ಲೋಟ. ಫೀಸ್ ಕಟ್ಟಿದ ರಸೀದಿ ಎಲ್ಲಿದೆ? ಹುಡುಗನಿಗೆ ಕೊಡಲ್ಲ, ತನ್ನ ಬೀರುವಿನಲ್ಲಿ ಇಟ್ಕೋತಾನೆ, ಕಳ್ದುಹೋಗುತ್ತೆ ಅಂತ ಪ್ರೀತಿಯಿಂದ ಹೇಳಿ. 3ನೇ ಅಧ್ಯಾಯದಲ್ಲಿ ಅದು ಕಾಳಜಿ. 12ನೇ ಅಧ್ಯಾಯದಲ್ಲಿ ಯಾರೋ ಆ ಬೀರು ತೆಗೆದಾಗ ಒಳಗೆ ಎಷ್ಟು ಹುಡುಗರ ರಸೀದಿ ಇದೆ, ಒಂದೊಂದರ ಹಿಂದೆ ಪೆನ್ಸಿಲ್ಲಲ್ಲಿ ಏನು ಬರ್ದಿದೆ, ಅದನ್ನ ನೀವು ಯೋಚ್ನೆ ಮಾಡಿ. ಬರ್ದಾದ್ಮೇಲೆ ಇಲ್ಲೇ ಹಾಕಿ, ಓದ್ತೀನಿ.