ಉತ್ತರ ಗೊತ್ತಿಲ್ಲದಿದ್ದರೆ ಟೆರೇಸಿಗೆ ಹೋಗಿ

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಲ್ಲಿ ಮನೆಪಾಠ ಹೇಳುತ್ತೀರಿ, ಮಕ್ಕಳು ಕೇಳುವ ಎಷ್ಟೋ ಪ್ರಶ್ನೆಗಳಿಗೆ ಉತ್ತರ ನಿಮಗೇ ಗೊತ್ತಿರುವುದಿಲ್ಲ, ಆದರೂ "ಕೇಳಿ, ಕೇಳಿ" ಅಂತ ಹುರಿದುಂಬಿಸಬಹುದಾ?

ಧಾರಾಳವಾಗಿ. ನಾನೂ ಬಸವನಗುಡಿ ಕಡೆ ಟ್ಯೂಷನ್ ಮಾಡುವವಳೇ. ಮೇಷ್ಟ್ರಿಗೆ ಉತ್ತರ ಬರಲಿಲ್ಲ ಅಂತ ಪ್ರಶ್ನೆ ಕೇಳುವುದನ್ನೇ ಬಿಟ್ಟ ಮಗುವನ್ನು ನಾನು ಕಂಡಿಲ್ಲ. "ಅದು ಪರೀಕ್ಷೆಗೆ ಬರಲ್ಲ, ಸುಮ್ನಿರು" ಅನ್ನಿಸಿಕೊಂಡು ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ.

ಆದರೆ ಬರೀ "ಗೊತ್ತಿಲ್ಲಪ್ಪ" ಅಂದರೆ ಸಾಲದು. ಮುಂದೆ ಏನು ಮಾಡುತ್ತೀರಿ ಅನ್ನುವುದರ ಮೇಲೆ ಮಕ್ಕಳ ಕಣ್ಣಿರುತ್ತದೆ. ಒಂದು ಫೆಬ್ರವರಿಯಲ್ಲಿ ಏಳನೇ ಕ್ಲಾಸಿನ ಹುಡುಗಿ ಕೇಳಿದಳು: "ಮಿಸ್, 12 ಗಂಟೆಗೆ ಸೂರ್ಯ ನೆತ್ತಿ ಮೇಲೆ ಇರ್ತಾನೆ ಅಂತಾರಲ್ಲ, ಮತ್ತೆ ನೆರಳು ಯಾಕೆ ಬೀಳುತ್ತೆ?" ನನಗೆ ಪಕ್ಕಾ ಗೊತ್ತಿರಲಿಲ್ಲ. ನೋಡೇಬಿಡೋಣ ಅಂದೆ. ಭಾನುವಾರ ಟೆರೇಸಿನಲ್ಲಿ ಮರಳು ತುಂಬಿದ ಬಕೆಟ್ಟಿಗೆ ಒಂದು ಕೋಲು ನೆಟ್ಟೆವು. ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಚಾಕ್‌ಪೀಸಿನಲ್ಲಿ ಗುರುತು. 12 ಆಯಿತು, ನೆರಳು ಇನ್ನೂ ಗಿಡ್ಡವಾಗುತ್ತಲೇ ಇತ್ತು. ಎಲ್ಲಕ್ಕಿಂತ ಗಿಡ್ಡ ಆಗಿದ್ದು 12:35ರ ಹೊತ್ತಿಗೆ. ಆಗಲೂ ಕೋಲಿನ ಅರ್ಧದಷ್ಟು ನೆರಳಿತ್ತು. "ಮಿಸ್, ನಿಮ್ಮ ವಾಚ್ ಸರಿ ಇದೆಯಾ?" ಅಂತ ಒಬ್ಬ ಮೊಬೈಲ್ ತೆಗೆದು ನೋಡಿದ. ಒಂದು ಪ್ರಶ್ನೆ ಹೋಗಿ ಎರಡಾಯಿತು.

ಆಮೇಲೆ ಎಲ್ಲರೂ ಸೇರಿ ಹುಡುಕಿದೆವು. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರು ಇರುವುದು ಸುಮಾರು 77.6ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮಗೆ 20 ನಿಮಿಷ ತಡ. ಉಳಿದ ಹದಿನಾಲ್ಕು, ಹದಿನೈದು ನಿಮಿಷ? ಭೂಮಿಯ ಅಕ್ಷ ಓರೆ, ಸುತ್ತುವ ದಾರಿಯೂ ಪೂರ್ತಿ ದುಂಡಗಿಲ್ಲ. ಹಾಗಾಗಿ ಸೂರ್ಯ ವರ್ಷವಿಡೀ ಒಂದೇ ಹೊತ್ತಿಗೆ ಮಧ್ಯಕ್ಕೆ ಬರುವುದಿಲ್ಲ. ನವೆಂಬರ್ ಮೊದಲ ವಾರದಲ್ಲಾದರೆ 12 ದಾಟಿ ಮೂರ್ನಾಲ್ಕು ನಿಮಿಷಕ್ಕೇ ಬಂದುಬಿಡುತ್ತಾನೆ. ಇನ್ನು ನೆತ್ತಿಯ ವಿಷಯ: ನಾವು ಸುಮಾರು 13 ಡಿಗ್ರಿ ಉತ್ತರದಲ್ಲಿದ್ದೇವೆ. ಇಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ. ಆಗಸ್ಟ್‌ನಲ್ಲಿ ನಮ್ಮೂರಿನ ಮೋಡ ಕೈಕೊಡುವುದೇ ಜಾಸ್ತಿ, ಏಪ್ರಿಲ್‌ಗೇ ಇಟ್ಟುಕೊಳ್ಳಿ. ಸೂರ್ಯನನ್ನು ನೇರವಾಗಿ ನೋಡಬೇಡಿ ಅಂತ ಮೊದಲೇ ಗದರಿಸಿ ಹೇಳಿ.

ಅವತ್ತೇ ಮೊಬೈಲ್ ತೆಗೆದು ಉತ್ತರ ಓದಿ ಹೇಳಿದ್ದರೆ ಎರಡು ನಿಮಿಷದ ಕೆಲಸ. ಆದರೆ 12:35ರ ಸೋಜಿಗ ಯಾರಿಗೂ ಆಗುತ್ತಿರಲಿಲ್ಲ, ಅಲ್ವಾ? ಹಾಗಂತ ನನಗೆ ಮೊಬೈಲ್ ಮೇಲೆ ಸಿಟ್ಟೇನಿಲ್ಲ. ಮೊದಲು ಮಕ್ಕಳು ಒಂದು ಊಹೆ ಮಾಡಲಿ, ಆಗುವುದಾದರೆ ಕಣ್ಣಾರೆ ನೋಡಲಿ, ಆಮೇಲೆ ತೆಗೆಯಲಿ.

ಎಲ್ಲ ಪ್ರಶ್ನೆಯೂ ಟೆರೇಸಿನಲ್ಲಿ ಬಗೆಹರಿಯುವುದಿಲ್ಲ, ನಿಜ. ಅಂಥವನ್ನು ಕೇಳಿದವರ ಹೆಸರಿನ ಜೊತೆ ನೋಟ್‌ಬುಕ್ಕಿನಲ್ಲಿ ಬರೆಸಿಡಿ. "ಒಳ್ಳೇ ಪ್ರಶ್ನೆ, ನಾಳೆ ಹೇಳ್ತೀನಿ" ಅಂದು ಮರೆಯುವುದಕ್ಕಿಂತ ಬೈದುಬಿಡುವುದೇ ವಾಸಿ. ನಕ್ಷತ್ರ, ಗ್ರಹಗಳ ಪ್ರಶ್ನೆ ಜಾಸ್ತಿಯಾದರೆ ಚೌಡಯ್ಯ ರಸ್ತೆಯ ನೆಹರು ತಾರಾಲಯಕ್ಕೆ ಕರೆದುಕೊಂಡು ಹೋಗಿ. ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಜನಸಾಮಾನ್ಯರು ವಿಜ್ಞಾನ ಬಲ್ಲವರ ಮಾತು ಕೇಳಲಿ ಅಂತಲೇ ಹುಟ್ಟಿದ್ದು ಅದು. ದೊಡ್ಡ ಮಕ್ಕಳಾದರೆ ಅಂಥ ಕಡೆಯೂ ಕೂರಿಸಬಹುದು.

ಇನ್ನು ಅಪ್ಪ ಅಮ್ಮಂದಿರು "ಸಿಲಬಸ್ ಯಾವಾಗ ಮುಗಿಸ್ತೀರಾ?" ಅಂತ ಕೇಳೇ ಕೇಳುತ್ತಾರೆ. ವಾರಕ್ಕೆ ಅರ್ಧ ಗಂಟೆ ಇದಕ್ಕೆ ಅಂತ ಸೇರಿಸಿಕೊಳ್ಳುವಾಗಲೇ ಹೇಳಿಬಿಡಿ. ಪರೀಕ್ಷೆ ಹತ್ತಿರ ಬಂದಾಗ ನಾನೂ ನೋಟ್‌ಬುಕ್ ಎತ್ತಿಟ್ಟು ಸಿಲಬಸ್ಸನ್ನೇ ಓಡಿಸುತ್ತೇನೆ.