ತಂಗೀ, ಅನುಮಾನ ಬಂದ ಕೂಡಲೇ ಬಾಯಿ ಬಿಟ್ಟು ಹೇಳು

ಪ್ರೀತಿಯ ತಂಗಿ,

ನಿನ್ನ ಮೆಸೇಜ್ ಎರಡು ಸಲ ಓದಿದೆ. ಹುಮನಾಬಾದಿನ ಹುಡುಗಿ, ಕಲಬುರಗಿಯಲ್ಲಿ ನಾಲ್ಕು ವರ್ಷದಿಂದ ಸರ್ಜಿಕಲ್ ಐಸಿಯು ಸ್ಟಾಫ್ ನರ್ಸ್. ಅಮೆರಿಕದಲ್ಲಿ ನರ್ಸ್‌ಗಳೇ ಐಸಿಯುನಲ್ಲಿ ಡಾಕ್ಟರ್ ಮಾಡುವ ಕೆಲಸ ಮಾಡುತ್ತಾರಂತೆ, ಹೌದಾ ಅಂತ ಕೇಳಿದ್ದೀಯ. ನಾನೂ ಬಂದು ಹಾಗೆ ಆಗಬಹುದಾ ಅಂತ ಕೇಳಿದ್ದೀಯ. ಫಿಜಿಷಿಯನ್ ಅಸಿಸ್ಟೆಂಟ್ (ಪಿಎ), ಅಂದರೆ ಡಾಕ್ಟರ್ ಜೊತೆಗಿದ್ದು ಪೇಷಂಟ್ ನೋಡುವವರ ಕೋರ್ಸ್ ಮಾಡುತ್ತಿರುವ ತಮ್ಮನ ಬಗ್ಗೆಯೂ ಕೇಳಿದ್ದೀಯ. ಕೊನೆಯಲ್ಲಿ ಒಂದು ಸಾಲು: "ಅಕ್ಕಾ, ಅಲ್ಲಿ ಬದುಕು ಹ್ಯಾಂಗದ?"

ತಮ್ಮನದು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅವನು ದುಡ್ಡು ಕಟ್ಟುತ್ತಿದ್ದಾನೆ. ಭಾರತದ ಪಿಎ ಡಿಗ್ರಿ ಹಿಡಿದು ಇಲ್ಲಿ ಪಿಎ ಪರೀಕ್ಷೆಗೆ ಕೂರಲು ಆಗುವುದಿಲ್ಲ. ಇಲ್ಲಿ ಮಾನ್ಯತೆ ಪಡೆದ ಕಾಲೇಜಿನಲ್ಲೇ ಮಾಸ್ಟರ್ಸ್ ಮಾಡಿರಬೇಕು, ಅದು ಹೆಚ್ಚುಕಡಿಮೆ 27 ತಿಂಗಳು. ಡಾಕ್ಟರ್ ಆಗಿ ಬಂದವರಿಗೂ ಅದೇ ನಿಯಮ. ಆ ಕೋರ್ಸ್ ಊರಿನಲ್ಲಿ ಕೆಲಸಕ್ಕೆ ಬರುತ್ತದೆ. ಅಮೆರಿಕಕ್ಕೆ ನೇರ ಟಿಕೆಟ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಈಗ ನಿನ್ನ ವಿಷಯ. ನಾನು ಇಲ್ಲಿ ಐಸಿಯುನಲ್ಲಿ ಎನ್‌ಪಿ, ಅಂದರೆ ನರ್ಸ್ ಪ್ರಾಕ್ಟೀಷನರ್: ಹೆಚ್ಚು ಓದಿ, ಪೇಷಂಟ್ ನೋಡಿ ಔಷಧಿಯನ್ನೂ ಬರೆಯುವ ನರ್ಸ್. ಎನ್‌ಪಿ, ಪಿಎ ಎರಡೂ ಇಲ್ಲಿ 1965ರಲ್ಲೇ ಶುರುವಾದವು. ಮೊದಲನೆಯದು ಕೊಲರಾಡೊದಲ್ಲಿ, ಎರಡನೆಯದು ಡ್ಯೂಕ್ ವಿಶ್ವವಿದ್ಯಾಲಯದಲ್ಲಿ. ಪಿಎಗಳ ಮೊದಲ ಬ್ಯಾಚಿನವರು ನೌಕಾಪಡೆಯಲ್ಲಿ ಗಾಯಾಳುಗಳನ್ನು ನೋಡಿಕೊಂಡಿದ್ದವರು. ಐಸಿಯುಗೆ ನಮ್ಮಂಥವರು ಜಾಸ್ತಿ ಬರಲು ಒಂದು ದೊಡ್ಡ ಕಾರಣ 2003ರ ನಿಯಮ. ಕಲಿಯುವ ಡಾಕ್ಟರುಗಳು ಸರಾಸರಿ ವಾರಕ್ಕೆ 80 ತಾಸಿಗಿಂತ ಹೆಚ್ಚು ದುಡಿಯಬಾರದು ಅಂತಾಯಿತು. ರಾತ್ರಿ ಹಾಸಿಗೆಯ ಹತ್ತಿರ ಯಾರು ಇರಬೇಕು? ಆ ಜಾಗಕ್ಕೆ ನಾವು ಬಂದೆವು.

ನನ್ನ ಪಾಳಿ ಸಂಜೆ ಏಳರಿಂದ ಬೆಳಿಗ್ಗೆ ಏಳು, ವಾರಕ್ಕೆ ಮೂರು ದಿನ. ನನ್ನ ಪಾಲಿಗೆ ಹನ್ನೆರಡು ಹಾಸಿಗೆ, ಜೊತೆಗೆ ಒಬ್ಬ ಪಿಎ. ಇಬ್ಬರ ಓದಿನ ದಾರಿ ಬೇರೆ, ರಾತ್ರಿಯ ಕೆಲಸ ಒಂದೇ. ಓಟಿ, ಅಂದರೆ ಆಪರೇಷನ್ ಥಿಯೇಟರಿನಿಂದ ಪೇಷಂಟ್ ಬಂದ ಕೂಡಲೇ ನೋಡುವುದು, ಆರ್ಡರ್ ಬರೆಯುವುದು, ವೆಂಟಿಲೇಟರ್ ಸೆಟ್ಟಿಂಗ್ ಬದಲಿಸುವುದು, ಬಿಪಿ ಹೆಚ್ಚಿಸುವ ನಾರ್‌ಅಡ್ರಿನಲಿನ್ ಏರಿಸಬೇಕೋ ರಕ್ತ ಕೊಡಬೇಕೋ ತೀರ್ಮಾನಿಸುವುದು. ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್, ಬಿಪಿ ನೋಡಲು ಅಪಧಮನಿಗೆ ಆರ್ಟೀರಿಯಲ್ ಲೈನ್, ಎದೆಗೆ ಟ್ಯೂಬ್ ನಾವೇ ಹಾಕುತ್ತೇವೆ. ಮನೆಯವರನ್ನು ಕೂರಿಸಿಕೊಂಡು ಕೆಟ್ಟ ಸುದ್ದಿ ಹೇಳುವುದೂ ನಮ್ಮದೇ. ಆಪರೇಷನ್ ಮಾಡುವುದು ಸರ್ಜನ್, ಇಡೀ ಐಸಿಯುನ ಹೊಣೆ ಹಿರಿಯ ಡಾಕ್ಟರದು. ನಾನಿರುವ ಟೆಕ್ಸಾಸಿನಲ್ಲಿ ಔಷಧಿ ಬರೆಯಲು ಡಾಕ್ಟರ್ ಜೊತೆ ಲಿಖಿತ ಒಪ್ಪಂದ ಬೇಕು. ಬೇರೆ ಎಷ್ಟೋ ರಾಜ್ಯಗಳಲ್ಲಿ ಎನ್‌ಪಿಗೆ ಅದು ಬೇಕಿಲ್ಲ. ಹಾಗಾಗಿ "ನರ್ಸ್ ಅಲ್ಲಿ ಡಾಕ್ಟರ್ ಆಗುತ್ತಾಳೆ" ಅನ್ನುವ ಮಾತು ಸರಿಯಲ್ಲ. ನರ್ಸ್ ನರ್ಸಾಗಿಯೇ ಇನ್ನೊಂದಿಷ್ಟು ಓದಿ, ಇನ್ನೊಂದಿಷ್ಟು ಹೊಣೆ ಹೊರುತ್ತಾಳೆ.

ಲೈನ್ ಹಾಕುವುದು ಕಷ್ಟ ಅಂತ ನೀನು ಅಂದುಕೊಂಡಿರಬಹುದು. ಕೈ ಕಲಿಯುತ್ತದೆ ತಂಗಿ. ನನಗೆ ಕಷ್ಟವಾಗಿದ್ದು ಬೇರೆ.

2002ರಲ್ಲಿ ನಾನು ಕಲಬುರಗಿಯಲ್ಲಿದ್ದೆ. ಟೈಫಾಯ್ಡ್‌ನಿಂದ ಕರುಳು ತೂತಾಗಿದ್ದ ಒಬ್ಬ ರೈತ, ಸೇಡಂ ಕಡೆಯವರು. ಆಪರೇಷನ್ ಆಗಿ ಎರಡನೇ ರಾತ್ರಿ. ಪಾದ ಮುಟ್ಟಿದರೆ ತಣ್ಣಗೆ. ಮೊಣಕಾಲ ಮೇಲೆ ನೇರಳೆ ಬಣ್ಣದ ಜಾಲ. ಯೂರಿನ್ ಬ್ಯಾಗ್ ಖಾಲಿ. ಬಿಪಿ ಇನ್ನೂ ಬಿದ್ದಿರಲಿಲ್ಲ. ಇವರು ಕೈತಪ್ಪುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು. ಡ್ಯೂಟಿ ಡಾಕ್ಟರಿಗೆ ಏನು ಹೇಳಿದೆ ಗೊತ್ತಾ? "ಸರ್, ಪೇಷಂಟ್ ಯಾಕೋ ಸರಿ ಇಲ್ರಿ." ಅಷ್ಟೇ. "ಬಿಪಿ ಎಷ್ಟು?" ಅಂದರು. ಹೇಳಿದೆ. "ನೋಡ್ತಾ ಇರಿ" ಅಂದರು. ನಾನು ನೋಡುತ್ತಾ ಇದ್ದೆ. ಬೆಳಗಿನ ಜಾವ ಆ ರೈತ ತೀರಿಹೋದರು. ಹೊರಗೆ ಕಾರಿಡಾರಿನಲ್ಲಿ ರೊಟ್ಟಿಗಂಟು ತಲೆದಿಂಬು ಮಾಡಿಕೊಂಡು ಅವರ ಹೆಂಡತಿ ಮಲಗಿದ್ದರು. ಎಬ್ಬಿಸಿದ್ದು ನಾನೇ.

ಆ ಅಭ್ಯಾಸ ನನ್ನ ಜೊತೆ ಇಲ್ಲಿಗೂ ಬಂತು. 2014ರ ಚಳಿಗಾಲ, ನಾನು ಎನ್‌ಪಿ ಆಗಿ ಮೂರು ತಿಂಗಳು. ಕರುಳಿನ ಹೊಲಿಗೆ ಬಿಟ್ಟು ಮತ್ತೆ ಆಪರೇಷನ್ ಆದ ಪೇಷಂಟ್, ಮೈಗೆ ಲೀಟರುಗಟ್ಟಲೆ ನೀರು ಹೋಗಿತ್ತು. ರಾತ್ರಿ ಎರಡಕ್ಕೆ ಹೊಟ್ಟೆ ಕಲ್ಲಿನಂತೆ ಬಿಗಿಯಾಗಿತ್ತು. ವೆಂಟಿಲೇಟರ್ ಒತ್ತಡ ಏರುತ್ತಿತ್ತು, ಮೂತ್ರ ನಿಂತಿತ್ತು. ಕ್ಯಾಥೆಟರ್ ಮೂಲಕ ಮೂತ್ರಕೋಶದ ಒತ್ತಡ ಅಳೆದೆ, ಹೊಟ್ಟೆಯೊಳಗಿನ ಒತ್ತಡ ಅದರಿಂದಲೇ ತಿಳಿಯುತ್ತದೆ. 24. ಅದು 20 ದಾಟಿ, ಜೊತೆಗೆ ಕಿಡ್ನಿಯೋ ಶ್ವಾಸಕೋಶವೋ ಹೊಸದಾಗಿ ಕೈಕೊಟ್ಟರೆ ಹೊಟ್ಟೆಯೊಳಗಿನ ಒತ್ತಡವೇ ಅಂಗಗಳನ್ನು ಹಿಸುಕುತ್ತಿದೆ ಅಂತ ಅರ್ಥ. ಓದಿದ್ದೆ, ಗೊತ್ತಿತ್ತು. ಆದರೂ "ಇನ್ನೊಮ್ಮೆ ಅಳೆದು ನೋಡೋಣ, ಸುಮ್ನೆ ಸರ್ಜನ್ನನ್ನು ಯಾಕೆ ಎಬ್ಬಿಸುವುದು" ಅಂತ ನಲವತ್ತು ನಿಮಿಷ ಕಾದೆ. ಎರಡನೇ ಸಲ 27. ಆಗ ಫೋನ್ ಮಾಡಿದೆ. ಅವರು ಓಡಿ ಬಂದರು, ಓಟಿಗೆ ಒಯ್ದು ಹೊಟ್ಟೆ ಬಿಚ್ಚಿದರು. ಪೇಷಂಟ್ ಬದುಕಿದರು, ಆದರೆ ಎರಡು ವಾರ ಡಯಾಲಿಸಿಸ್ ಬೇಕಾಯಿತು. ಆ ನಲವತ್ತು ನಿಮಿಷದಿಂದಲೇ ಹೀಗಾಯಿತು ಅಂತ ಯಾರೂ ಹೇಳಲಿಲ್ಲ. ನಾನು ಮಾತ್ರ ಮರೆತಿಲ್ಲ.

ಬೆಳಿಗ್ಗೆ ನಮ್ಮ ಹಿರಿಯ ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. ಬೈಯಲಿಲ್ಲ. "ಮೊದಲ ಸಲ 24 ಬಂದಾಗ ನಿನಗೆ ಏನು ಅನ್ನಿಸಿತು?" ಅಂತ ಕೇಳಿದರು. ಹೇಳಿದೆ. "ಹಾಗಾದರೆ ಅದನ್ನೇ ಆಗಲೇ ಫೋನಿನಲ್ಲಿ ಹೇಳು. ನಾವು ಬಂದು ಏನೂ ಇಲ್ಲ ಅಂತಾದರೆ ವಾಪಸ್ ಹೋಗಿ ಮಲಗುತ್ತೇವೆ" ಅಂದರು.

ಇಲ್ಲಿಯ ಬದುಕು ಅಂದರೆ ನನಗೆ ಮೊದಲು ನೆನಪಾಗುವುದು ಇದೇ. ದೊಡ್ಡವರ ಎದುರು ತನ್ನ ಅಭಿಪ್ರಾಯ ಹೇಳುವುದು ಇಲ್ಲಿ ಅಹಂಕಾರ ಅಲ್ಲ, ಅದು ಡ್ಯೂಟಿ. ರೌಂಡ್ಸ್‌ನಲ್ಲಿ ಬರೀ ನಂಬರ್ ಓದಿದರೆ ಸಾಲದು. ಏನಾಗುತ್ತಿದೆ ಅಂತ ನಿನಗೆ ಅನ್ನಿಸುತ್ತದೆ, ಏನು ಮಾಡಬೇಕು ಅಂತೀಯ, ಅದನ್ನು ಹೇಳಬೇಕು. ನಮ್ಮ ಕಡೆಯ ಹುಡುಗಿಯರು ಕೆಲಸದಲ್ಲಿ ಯಾರಿಗೂ ಕಡಿಮೆ ಇಲ್ಲ. ಬಾಯಿ ಬಿಡುವ ಹೊತ್ತಿಗೆ ಹಿಂದೆ ಸರಿಯುತ್ತೇವೆ, ಅಲ್ವಾ? ಇಂಗ್ಲಿಷ್ ಬಾರದ್ದಕ್ಕೆ ಅಂತ ಅಂದುಕೊಳ್ಳುತ್ತೇವೆ. ಆ ರಾತ್ರಿ ಸೇಡಂನವರ ಬಗ್ಗೆ ನಾನು ಮಾತಾಡಿದ್ದು ಕನ್ನಡದಲ್ಲೇ.

ದಾರಿಯ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳಬೇಕು. ನೀನು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಮಾಡಿದವಳು. ಮೊದಲು ಡಿಪ್ಲೊಮಾದವರಿಗಿರುವ ಪೋಸ್ಟ್ ಬೇಸಿಕ್ ಬಿಎಸ್ಸಿ ಮುಗಿಸು, ಅದು ಎಲ್ಲಿ ಹೋದರೂ ಉಪಯೋಗಕ್ಕೆ ಬರುತ್ತದೆ. ಆಮೇಲೆ ಎನ್‌ಕ್ಲೆಕ್ಸ್, ಅಮೆರಿಕದ ನರ್ಸ್ ಲೈಸೆನ್ಸ್ ಪರೀಕ್ಷೆ. ಕನಿಷ್ಠ 85, ಹೆಚ್ಚೆಂದರೆ 150 ಪ್ರಶ್ನೆ, ಐದು ತಾಸು. ನಿನಗೆ ಬೆಂಗಳೂರಿಗಿಂತ ಹೈದರಾಬಾದ್ ಸೆಂಟರ್ ಹತ್ತಿರ. ಇಂಗ್ಲಿಷ್ ಪರೀಕ್ಷೆ, ಸರ್ಟಿಫಿಕೇಟ್ ಪರಿಶೀಲನೆ ಇವೆ. ನಿಜವಾದ ಗೋಡೆ ವೀಸಾ. ನಾನು 2006ರಲ್ಲಿ ಬಂದಾಗ ನರ್ಸ್‌ಗಳು, ಫಿಸಿಯೋಥೆರಪಿಸ್ಟ್‌ಗಳು ಮುಂತಾದವರಿಗೆ ಅಂತ ಹೆಚ್ಚುವರಿ 50,000 ವೀಸಾ ಬಿಟ್ಟಿದ್ದರು, ಬಾಗಿಲು ತೆರೆದಿತ್ತು. ಈಗ ಭಾರತದಲ್ಲಿ ಹುಟ್ಟಿದವರ ಸಾಲು ಹತ್ತು ವರ್ಷ ದಾಟುತ್ತದೆ. ಒಂದೇ ವರ್ಷದಲ್ಲಿ ಕಳಿಸುತ್ತೇನೆ ಅಂತ ದುಡ್ಡು ಕೇಳುವ ಏಜೆಂಟಿಗೆ ಒಂದು ಪೈಸೆ ಕೊಡಬೇಡ. ಅಪ್ಪನ ತೊಗರಿ ದುಡ್ಡು ಅದು.

ಬಂದ ಮೇಲೂ ಮೊದಲು ಬೆಡ್‌ಸೈಡ್ ನರ್ಸ್. ಐಸಿಯುನಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಇಬ್ಬರು ಪೇಷಂಟ್. ಅದನ್ನು ನೋಡಿ ನಾನು ಮೊದಲ ವಾರ ಅತ್ತಿದ್ದೆ, ಊರಲ್ಲಿ ಇಷ್ಟು ಕೈಗಳಿದ್ದಿದ್ದರೆ ಅಂತ. ಆಮೇಲೆ ಕೆಲಸ ಮಾಡುತ್ತಲೇ ಮಾಸ್ಟರ್ಸ್, ಮತ್ತೆ ಬೋರ್ಡ್ ಪರೀಕ್ಷೆ. ನನಗೆ ಬಂದ ದಿನದಿಂದ ಎಂಟು ವರ್ಷ ಹಿಡಿಯಿತು. ಭಾರತದಲ್ಲೂ ನರ್ಸಿಂಗ್ ಕೌನ್ಸಿಲ್ಲಿನ ಎರಡು ವರ್ಷದ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಇದೆ. ಅದು ಇಲ್ಲಿಯ ಲೈಸೆನ್ಸ್ ಆಗುವುದಿಲ್ಲ. ಆದರೆ ಬಿಎಸ್ಸಿ ಆದ ಮೇಲೆ ಅದನ್ನು ಗಂಭೀರವಾಗಿ ಯೋಚಿಸು. ಹತ್ತು ವರ್ಷ ಬರೀ ಕಾಯುವುದಕ್ಕಿಂತ ಅದು ಮೇಲು.

ಮನೆಯ ಬದುಕು ಚೆನ್ನಾಗಿದೆ. ಹ್ಯೂಸ್ಟನ್ನಿನ ಬಿಸಿಲು ನಮ್ಮ ಬಿಸಿಲಿನಷ್ಟೇ, ಬೆವರು ಮಾತ್ರ ಜಾಸ್ತಿ. ಜೋಳದ ಹಿಟ್ಟು ಸಿಗುತ್ತದೆ, ಶೇಂಗಾ ಹಿಂಡಿ ನಾನೇ ಕುಟ್ಟುತ್ತೇನೆ. ಎಳ್ಳ ಅಮಾವಾಸ್ಯೆಗೆ ಬಜ್ಜಿ ಮಾಡುತ್ತೇನೆ, ಆದರೆ ಚರಗ ಚೆಲ್ಲಲು ಹೊಲ ಇಲ್ಲ. ಆ ದಿನ ಆಳಂದಕ್ಕೆ ಫೋನ್ ಮಾಡಿ ಅವ್ವನ ದನಿ ಕೇಳುತ್ತೇನೆ. ಒಮ್ಮೆ ಐಸಿಯುನಲ್ಲಿ ಹೈದರಾಬಾದಿನ ಅಜ್ಜಿಯೊಬ್ಬರು ಯಾರ ಮಾತೂ ತಿಳಿಯದೆ ಕೈ ಕಟ್ಟಿಕೊಂಡು ಕೂತಿದ್ದರು. ಸಹಿ ಹಾಕಿಸುವ ಮಾತಿಗೆ ಆಸ್ಪತ್ರೆಯ ದುಭಾಷಿಯೇ ಬೇಕು, ಅದು ನಿಯಮ. ಅದು ಮುಗಿದ ಮೇಲೆ ನಾನು ಪಕ್ಕದಲ್ಲಿ ಕೂತು ನಮ್ಮ ದರ್ಗಾ ಓಣಿಯ ದಖ್ಖನಿ ಉರ್ದುವಿನಲ್ಲಿ ಮಾತಾಡಿಸಿದೆ. ಅವರು ನನ್ನ ಕೈ ಬಿಡಲೇ ಇಲ್ಲ.

ಮುಂದಿನ ಸಲ ನಿನ್ನ ರಾತ್ರಿ ಪಾಳಿಯಲ್ಲಿ ಯಾರಾದರೂ ಕೈತಪ್ಪುತ್ತಿದ್ದಾರೆ ಅನ್ನಿಸಿದರೆ ಹೀಗೆ ಹೇಳಿ ನೋಡು: "ಸರ್, ಎರಡು ತಾಸಿನಿಂದ ಮೂತ್ರ 15 ಎಂಎಲ್. ಪಾದ ತಣ್ಣಗಾಗಿವೆ, ಪಲ್ಸ್ 95 ಇದ್ದದ್ದು 130 ಆಗಿದೆ, ಡ್ರೇನ್‌ನಲ್ಲಿ ರಕ್ತ ಬರುತ್ತಿದೆ. ಒಳಗೆ ಬ್ಲೀಡಿಂಗ್ ಅಂತ ನನ್ನ ಅನುಮಾನ. ಈಗಲೇ ಬಂದು ನೋಡಿ." ಹೇಳಿದ್ದನ್ನು ಟೈಮ್ ಹಾಕಿ ಕೇಸ್ ಶೀಟ್‌ನಲ್ಲಿ ಬರಿ. ಆಮೇಲೆ ಪೇಷಂಟ್ ಹೆಸರು ಬಿಟ್ಟು, ಏನಾಯಿತು ಅಂತ ನನಗೆ ಹೇಳು. ಬೇಸಿಗೆಯಲ್ಲಿ ನಿನ್ನ ಬೆಳಗಿನ ಏಳೂವರೆಗೆ ನನ್ನ ರಾತ್ರಿ ಒಂಬತ್ತು. ಭಾನುವಾರ ರಾತ್ರಿ ನನಗೆ ಡ್ಯೂಟಿ ಇರುವುದಿಲ್ಲ, ಫೋನ್ ಎತ್ತುತ್ತೇನೆ.

ನಿನ್ನ ಅಕ್ಕ