ಎಂಎಸ್ ಇರುವ ಹೆಂಡತಿ ದಿನವಿಡೀ ಕೂತೇ ಇರುತ್ತಾಳೆ, ಒತ್ತಾಯ ಮಾಡಿ ನಡೆಸಬೇಕಾ?

ಹೆಂಡತಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಅಂದರೆ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಎಂದು ಗೊತ್ತಾಗಿ ಎರಡು ವರ್ಷ, ಔಷಧಿ ಸರಿಯಾಗಿ ತಗೊಳ್ತಾಳೆ, ಆದರೆ ಸೋಫಾ ಬಿಟ್ಟು ಏಳುವುದಿಲ್ಲ, ಇದು ಸೋಮಾರಿತನವಾ ಎಂದು ಕೇಳಿದ್ದೀರಿ. ನೀವು ಮಂಗಳೂರಿನವರು, ನಾನು ಉಡುಪಿಯವಳು. ನನಗೂ ಎಂಎಸ್ ಉಂಟು.

ಸೋಮಾರಿತನ ಎಂಬ ಮಾತನ್ನು ದಯವಿಟ್ಟು ಅವರ ಎದುರು ಆಡಬೇಡಿ. ಇದು ಕೆಲಸ ಮಾಡಿ ಬರುವ ಸುಸ್ತಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಎದ್ದರೂ ಇರುತ್ತದೆ. ನರದ ಮೇಲಿನ ಹೊದಿಕೆ ಹಾಳಾದ ಕಡೆ ಮೆದುಳಿನ ಸಂದೇಶ ನಿಧಾನ ಆಗುತ್ತದೆ, ಕೆಲವೊಮ್ಮೆ ಅಲ್ಲೇ ನಿಂತುಬಿಡುತ್ತದೆ.

ಅದರ ಮೇಲೆ ನಮ್ಮ ಕರಾವಳಿಯ ಸೆಕೆ. ಮೈ ಸ್ವಲ್ಪ ಬಿಸಿಯಾದರೂ ಸಾಕು, ನಮ್ಮಲ್ಲಿ ಬಹಳ ಜನರಿಗೆ ಎಂಎಸ್ ಲಕ್ಷಣಗಳು ಜಾಸ್ತಿಯಾಗುತ್ತವೆ. ಮೈ ದಣಿದಾಗ ಎಂಎಸ್ ಇರುವವರ ಕಣ್ಣು ಮಂಜಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ಉಟ್‌ಹೋಫ್ 1890ರಲ್ಲೇ ಗುರುತಿಸಿದ್ದರು, ಅದಕ್ಕೆ ಮೈ ಬಿಸಿಯಾಗುವುದೇ ಕಾರಣ ಎಂದು ಆಮೇಲೆ ಗೊತ್ತಾಯಿತು. ಏಪ್ರಿಲ್‌ನಲ್ಲಿ ನಾನು ನೀರುದೋಸೆ ಹೊಯ್ಯಲು ನಿಂತರೆ ನಾಲ್ಕೈದು ಆಗುವಷ್ಟರಲ್ಲಿ ಬಲಗಣ್ಣು ಮಂಜಾಗುತ್ತದೆ, ಕಾಲು ಎತ್ತಲಿಕ್ಕೆ ಬರುವುದಿಲ್ಲ. ಫ್ಯಾನ್ ಕೆಳಗೆ ಕೂತು ತಣ್ಣೀರು ಕುಡಿದರೆ ಸ್ವಲ್ಪ ಹೊತ್ತಿಗೆ ಸರಿ ಹೋಗುತ್ತದೆ. ನರಕ್ಕೆ ಹೊಸ ಹಾನಿ ಏನೂ ಆಗಿರುವುದಿಲ್ಲ. ಆದರೆ ಹೀಗೆ ಆಗಿ ಗೊತ್ತಿದ್ದವರಿಗೆ ಏಳಲಿಕ್ಕೇ ಹೆದರಿಕೆ. ಹಂಡೆಯ ಬಿಸಿನೀರಿನ ಸ್ನಾನವೂ ಹೀಗೇ ಮಾಡುತ್ತದೆ. ಉಗುರು ಬೆಚ್ಚಗಿನ ನೀರು ಸಾಕು.

ಹಿಂದೆ ವೈದ್ಯರೂ ‘ಆಯಾಸ ಮಾಡ್ಕೋಬೇಡಿ’ ಎನ್ನುತ್ತಿದ್ದರು. 1996ರಲ್ಲಿ ಅಮೆರಿಕದ ಯೂಟಾದಲ್ಲಿ ಎಂಎಸ್ ಇರುವವರಿಗೆ 15 ವಾರ ವ್ಯಾಯಾಮ ಮಾಡಿಸಿ ನೋಡಿದರು. ದಮ್ಮು, ಕೈಕಾಲಿನ ಬಲ ಎರಡೂ ಹೆಚ್ಚಿತು. ಅದರಿಂದ ಕಾಯಿಲೆ ಜಾಸ್ತಿ ಆಗಲಿಲ್ಲ. ಈಗ ಯಾರೂ ಸುಮ್ನೆ ಕೂತಿರಿ ಎನ್ನುವುದಿಲ್ಲ. ಕೂತೇ ಇದ್ದರೆ ತೊಡೆಯ ಬಲ ಇಳಿಯುತ್ತದೆ, ಕಾಲು ಬಿಗಿಯುತ್ತದೆ, ಮಲಬದ್ಧತೆ ಶುರುವಾಗುತ್ತದೆ. ಆಮೇಲೆ ಯಾವುದು ಎಂಎಸ್‌ನ ನಿಶ್ಶಕ್ತಿ, ಯಾವುದು ಕೂತು ಬಂದ ನಿಶ್ಶಕ್ತಿ ಎಂದು ಗೊತ್ತಾಗುವುದಿಲ್ಲ. ಎರಡನೆಯದನ್ನು ಬಹಳಷ್ಟು ಸರಿ ಮಾಡಿಕೊಳ್ಳಬಹುದು ಮಾರಾಯ್ರೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಇನ್ನೊಂದು ವಿಷಯ. ನಮ್ಮನ್ನು ಕೂರಿಸುವುದು ಹೆಚ್ಚಾಗಿ ಮನೆಯವರ ಪ್ರೀತಿಯೇ. ‘ನೀನು ಕೂತ್ಕೋ, ನಾನು ತರ್ತೇನೆ.’ ನೀರಿನ ಬಾಟಲಿ, ಚಾರ್ಜರ್, ರಿಮೋಟ್, ಮಾತ್ರೆ ಡಬ್ಬಿ ಎಲ್ಲ ಕೈಗೆ ಎಟಕುವ ಹಾಗೆ ಇಡುತ್ತಾರೆ. ಮತ್ತೆ ಏಳುವುದು ಯಾಕೆ? ನಮ್ಮ ಮನೆಯಲ್ಲಿ ಚಾರ್ಜರ್ ಈಗ ಚಾವಡಿಯಲ್ಲಿ, ನೀರು ಅಡುಗೆಮನೆಯಲ್ಲಿ. ಅತ್ತೆಗೆ ಮೊದಲು ಬೇಜಾರಾಯಿತು. ಡಾಕ್ಟರ್ ಬಾಯಿಂದಲೇ ಹೇಳಿಸಿದ ಮೇಲೆ ಒಪ್ಪಿದರು.

ಒಂದೇ ಸಲಕ್ಕೆ ಅರ್ಧ ಗಂಟೆ ವಾಕಿಂಗ್ ಎಂದು ಹೊರಡಿಸಬೇಡಿ. ಬೆಳಗ್ಗೆ ವಾಕ್ ಮಾಡಿ ಉಳಿದ ದಿನ ಪೂರ್ತಿ ಕೂತರೂ ಅದು ಕೂತಿದ್ದೇ ಅಲ್ವಾ? ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿದರೂ ಆಯಿತು. ಧಾರಾವಾಹಿ ನೋಡುವವರಾದರೆ ಜಾಹೀರಾತು ಬಂದಾಗ ಕುರ್ಚಿಯ ಕೈ ಹಿಡಿದು ಎದ್ದು ಕೂರಲಿ. ನಿಂತರೆ ತೂರಾಡುತ್ತಾರೆ ಅಂದರೆ ಕೂತಲ್ಲೇ ಮಾಡುವ ವ್ಯಾಯಾಮವೂ ಉಂಟು, ಫಿಸಿಯೋಥೆರಪಿಸ್ಟ್ ಹೇಳಿಕೊಡುತ್ತಾರೆ. ಹೊರಗೆ ಹೋಗುವುದಾದರೆ ಬಿಸಿಲು ಏರುವ ಮೊದಲು, ಕೂರಲು ಬೆಂಚು ಇರುವ ಕಡೆ ಹೋಗಿ. ನಾನು ಅಜ್ಜರಕಾಡಿನ ಭುಜಂಗ ಪಾರ್ಕಿಗೆ ಹೋಗುತ್ತೇನೆ. ಪಣಂಬೂರು ಬೀಚ್ ಚಂದವೇ, ಆದರೆ ಪಾದ ಎತ್ತಲಾಗದವರಿಗೆ ಮರಳು ಕಷ್ಟ. ಮಳೆಗಾಲದಲ್ಲಿ ಅಂಗಳದ ಪಾಚಿ ಜಾರುತ್ತದೆ, ಮನೆಯೊಳಗೇ ನಡೆಯಲಿ.

ಮೈ ತಣಿದ ಮೇಲೂ ಹೊಸ ತೊಂದರೆ 24 ಗಂಟೆಗಿಂತ ಹೆಚ್ಚು ಉಳಿದರೆ ನ್ಯೂರಾಲಜಿಸ್ಟ್‌ಗೆ ಫೋನ್ ಮಾಡಿ. ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್, ಖಿನ್ನತೆಯೂ ಕಾರಣ ಇರಬಹುದು, ಅದನ್ನೂ ಪರೀಕ್ಷೆ ಮಾಡಿಸಿ. ಫಿಸಿಯೋಥೆರಪಿಸ್ಟ್ ಹತ್ತಿರ ಹೋಗುವ ಮೊದಲು ಒಂದು ವಾರ, ದಿನದ ಯಾವ ಹೊತ್ತಿನಲ್ಲಿ ಅವರಿಗೆ ಹಗುರ ಅನ್ನಿಸುತ್ತದೆ ಎಂದು ಅವರನ್ನೇ ಕೇಳಿ ಬರೆದಿಡಿ. ವ್ಯಾಯಾಮಕ್ಕೆ ಯಾವ ಹೊತ್ತು ಒಳ್ಳೆಯದು ಎಂದು ಫಿಸಿಯೋಥೆರಪಿಸ್ಟ್ ಅದನ್ನು ನೋಡಿಯೇ ಹೇಳುತ್ತಾರೆ.